ನವನಗರದ ನಾಯಿ ಕ್ಲಾಸು: ಲ್ಯಾಬ್ರಡಾರ್‌ಗೆ ಫುಲ್ ಮಾರ್ಕ್ಸ್, ಮುಧೋಳ ನಾಯಿಗೆ ಅರ್ಧ

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮನೆಯಲ್ಲಿ ಲ್ಯಾಬ್ರಡಾರ್ ಇದ್ದರೆ ಕಣ್ಣು ಮುಚ್ಚಿಕೊಂಡು ಸೇರಿಸಿ, ದುಡ್ಡು ವಸೂಲು. ಮುಧೋಳ ನಾಯಿ ಇದ್ದರೆ ಇದನ್ನು ಪೂರ್ತಿ ಓದಿ, ಆಮೇಲೆ ನಿರ್ಧಾರ ಮಾಡಿ.

ಬಾಗಲಕೋಟೆಯ ನವನಗರದಲ್ಲಿ ಶನಿವಾರ, ಭಾನುವಾರ ನಡೆಯುವ ನಾಯಿ ತರಬೇತಿ ಕ್ಲಾಸು ಇದು. ಹೆಸರು ಹಾಕುತ್ತಿಲ್ಲ, ಯಾಕಂದರೆ ಕೆಳಗೆ ಒಂದಿಷ್ಟು ಬೈಗುಳ ಇದೆ, ನಡೆಸುವವರು ಮಾತ್ರ ಒಳ್ಳೆಯ ಮನುಷ್ಯ. ಬೇರೆ ಕಡೆ ಟ್ರೇನರ್ ಮನೆಗೆ ಬರುತ್ತಾನೆ, ಬೆಲ್ಟು ಜಗ್ಗಿ ಜಗ್ಗಿ 'ಸಿಟ್' ಕಲಿಸುತ್ತಾನೆ, ತಿಂಗಳು ಮುಗಿದ ಮೇಲೆ ನೋಡಿದರೆ ನಾಯಿ ಅವನ ಮಾತು ಕೇಳುತ್ತದೆ, ನಮ್ಮದಲ್ಲ. ಇಲ್ಲಿ ಹಾಗಲ್ಲ. ನಾಯಿಗಿಂತ ಜಾಸ್ತಿ ಪಾಠ ನಮಗೇ. ಶನಿವಾರ ಮೈದಾನ, ಭಾನುವಾರ ಒಂದು ತಾಸು ಥಿಯರಿ. ಗೋಡೆಗೆ ಬಿಳಿ ಬೆಡ್‌ಶೀಟ್ ಕಟ್ಟಿ ಪ್ರೊಜೆಕ್ಟರ್ ಹಾಕುತ್ತಾರೆ, ಮಧ್ಯೆ ಚಹಾ, ಚುರಮುರಿ. ಪ್ರಾಣಿಗಳ ನಡವಳಿಕೆಯನ್ನು ಜನ ಹೇಗೆ ಅಭ್ಯಾಸ ಮಾಡುತ್ತ ಬಂದರು ಅನ್ನುವ ಇತಿಹಾಸವೇ ಆ ಒಂದು ತಾಸಿನ ವಿಷಯ. ಬಾಗಲಕೋಟೆಯಲ್ಲಿ ನಾಯಿ ಕ್ಲಾಸಿಗೆ ಹೋಗಿ ಪಾವ್ಲೋವ್ ಬಗ್ಗೆ ಕೇಳುತ್ತೇನೆ ಅಂತ ನಾನಂತೂ ಅಂದುಕೊಂಡಿರಲಿಲ್ಲ.

ಪಾವ್ಲೋವ್ ಪಾಠ ಚೆನ್ನಾಗಿತ್ತು. ಇವರು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕೆಲಸ ಮಾಡಿದ ವಿಜ್ಞಾನಿ, 1904ರಲ್ಲಿ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಕೆಲಸಕ್ಕೆ, ನಡವಳಿಕೆಯ ಕೆಲಸಕ್ಕಲ್ಲ. ಅನ್ನ ಬಾಯಿಗೆ ಬೀಳುವ ಮೊದಲೇ, ಊಟ ಹಾಕುವವರನ್ನು ನೋಡಿಯೇ ನಾಯಿ ಜೊಲ್ಲು ಸುರಿಸುತ್ತದೆ ಅನ್ನುವುದು ಅವರಿಗೆ ಮೊದಲು ಕಿರಿಕಿರಿಯಾಗಿತ್ತು, ಆಮೇಲೆ ಅದೇ ಜೀವಮಾನದ ಕೆಲಸ ಆಯಿತು. ಪ್ರತಿಸಲ ಊಟಕ್ಕೆ ಮೊದಲು ಒಂದು ಸದ್ದು ಮಾಡುತ್ತ ಹೋದರೆ, ಕೊನೆಗೆ ಬರೀ ಸದ್ದಿಗೇ ನಾಯಿಗೆ ಜೊಲ್ಲು ಬರುತ್ತದೆ. ಆ ಸದ್ದಿಗೆ ಎಲ್ಲರೂ ಗಂಟೆ ಗಂಟೆ ಅನ್ನುತ್ತಾರಲ್ಲ, ಅಲ್ಲಿ ಮೆಟ್ರೊನೋಮ್ (ತಾಳಕ್ಕೆ ಟಿಕ್ ಟಿಕ್ ಅನ್ನುವ ಯಂತ್ರ), ಬಜರ್ ಇಂಥವೇ ಜಾಸ್ತಿ ಬಳಕೆಯಲ್ಲಿದ್ದವು. ಇದನ್ನು ನಮ್ಮ ಸರ್ ಸರಿಯಾಗಿಯೇ ಹೇಳಿದರು, ಶಭಾಷ್.

ಆದರೆ ಪಾವ್ಲೋವ್ ಕತೆಯಲ್ಲಿ ನಮಗೆ ಬೇಕಾದ ಮುಖ್ಯ ಭಾಗವನ್ನು ಬಿಟ್ಟರು. ಒಬ್ಬ ಶಿಷ್ಯ ನಾಯಿಗೆ ಒಂದು ಸದ್ದಿಗೆ ಜೊಲ್ಲು ಸುರಿಸುವುದನ್ನು ಕಲಿಸಿ, ಗುರುಗಳಿಗೆ ತೋರಿಸೋಣ ಅಂತ ಕರೆದುಕೊಂಡು ಬರುತ್ತಾನೆ. ಹೊಸ ಮುಖ ಬಾಗಿಲಲ್ಲಿ ಕಂಡ ಕೂಡಲೇ ನಾಯಿ ಆ ಕಡೆ ತಿರುಗುತ್ತದೆ, ಕಲಿತದ್ದು ಆ ಗಳಿಗೆಗೆ ಮಾಯ. ಪಾವ್ಲೋವ್ ಇದಕ್ಕೆ 'ಏನದು?' ಅನ್ನುವ ಪ್ರತಿಕ್ರಿಯೆ ಅಂತಲೇ ಹೆಸರಿಟ್ಟರು. ಕೊನೆಗೆ ಹೊರಗಿನ ಸದ್ದು, ಅಲುಗಾಟ ಯಾವುದೂ ನಾಯಿಗೆ ತಾಗದ ಹಾಗೆ ದಪ್ಪ ಗೋಡೆಯ ಕಟ್ಟಡವನ್ನೇ ಕಟ್ಟಿಸಬೇಕಾಯಿತು, ಅದಕ್ಕೆ 'ಮೌನದ ಗೋಪುರ' ಅಂತ ಹೆಸರು. ಅಂದರೆ ಆ ಚಂದದ ಫಲಿತಾಂಶ ಬರಬೇಕಾದರೆ ಲೋಕವನ್ನೇ ಹೊರಗಿಡಬೇಕಿತ್ತು. ನಮ್ಮ ಕ್ಲಾಸಿನ ಮೈದಾನ ಹೇಗಿದೆ ಗೊತ್ತಾ? ಒಂದು ಬದಿಗೆ ಟಂಟಂ ಓಡಾಡುವ ರಸ್ತೆ, ಇನ್ನೊಂದು ಬದಿಗೆ ಖಾಲಿ ಸೈಟು, ಸೈಟಿನ ತುಂಬ ಜಾಲಿ, ಜಾಲಿ ಮೇಯುವ ಆಡು.

ಮುಂದಿನ ವಾರ ಥಾರ್ನ್‌ಡೈಕ್. 1898ರಲ್ಲಿ ಅಮೆರಿಕದಲ್ಲಿ ಹಸಿದ ಬೆಕ್ಕನ್ನು ಕಟ್ಟಿಗೆ ಪೆಟ್ಟಿಗೆಯಲ್ಲಿ ಹಾಕಿ, ಹೊರಗೆ ಮೀನಿಟ್ಟು, ದಾರ ಎಳೆದೋ ಅಗುಳಿ ಒತ್ತಿಯೋ ಹೊರಗೆ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಬರೆದಿಟ್ಟವರು. ಬೆಕ್ಕು ಯೋಚನೆ ಮಾಡಿ ಹೊಳೆದವರ ಹಾಗೆ ಒಮ್ಮೆಲೇ ಹೊರಗೆ ಬರುವುದಿಲ್ಲ, ಒದ್ದಾಡುತ್ತ ಒದ್ದಾಡುತ್ತ ಸಮಯ ಸ್ವಲ್ಪ ಸ್ವಲ್ಪವೇ ಕಡಿಮೆಯಾಗುತ್ತದೆ. ಒಳ್ಳೆಯದಾದ ಕೆಲಸವನ್ನು ಪ್ರಾಣಿ ಮತ್ತೆ ಮಾಡುತ್ತದೆ, ಇಷ್ಟೇ ತಿರುಳು. ಆಮೇಲೆ ಸ್ಕಿನ್ನರ್, ಇವರೂ ಅಮೆರಿಕದ ಮನಶ್ಶಾಸ್ತ್ರಜ್ಞರು. ಇಲಿ, ಪಾರಿವಾಳ, ಸನ್ನೆಕೋಲು ಒತ್ತಿದರೆ ಕಾಳು. ಪ್ರತಿಸಲ ಕೊಡುವುದಕ್ಕಿಂತ ಆಗಾಗ ಕೊಟ್ಟರೆ ಕಲಿತದ್ದು ಗಟ್ಟಿಯಾಗಿ ಉಳಿಯುತ್ತದೆ ಅನ್ನುವುದು ಅಲ್ಲಿಂದ ಬಂದ ಮಾತು, ಇದು ಮನೆಯಲ್ಲಿ ನಿಜಕ್ಕೂ ಕೆಲಸ ಮಾಡುತ್ತದೆ. ಕೈಯಲ್ಲಿ ಹಿಡಿದು ಒತ್ತಿದರೆ ಟಕ್ ಅನ್ನುವ ಕ್ಲಿಕ್ಕರ್, ಬೇಯಿಸಿದ ಕೋಳಿ ಲಿವರ್‌ನ ಚೂರು, ಹೊಡೆತ ಬಡಿತ ಇಲ್ಲ. ಈ ಭಾಗಕ್ಕೆ ಪೂರ್ತಿ ಮಾರ್ಕ್ಸು.

ಇದೆಲ್ಲ ಲ್ಯಾಬ್ರಡಾರ್‌ಗೆ ಹೇಳಿ ಮಾಡಿಸಿದ ಹಾಗಿದೆ. ಸ್ಕಿನ್ನರ್ ಸಂಪ್ರದಾಯದ ಪ್ರಯೋಗಗಳಲ್ಲಿ ಪಾರಿವಾಳದ ತೂಕವನ್ನು ಮಾಮೂಲಿಗಿಂತ ಇಳಿಸಿ, ಸುಮಾರು 80 ಪ್ರತಿಶತಕ್ಕೆ ತಂದು ಇಡುತ್ತಿದ್ದರು, ಹಸಿವಿದ್ದರೆ ತಾನೇ ಕಾಳಿಗೆ ಬೆಲೆ. ಲ್ಯಾಬ್ರಡಾರ್ ಮಾತ್ರ ಹುಟ್ಟುತ್ತಲೇ ಹಸಿದಿರುತ್ತದೆ. ನಮ್ಮ ಬ್ಯಾಚಿನ ಲ್ಯಾಬ್ ಒಂದು, ಲಿವರ್ ಡಬ್ಬಿಯ ಮುಚ್ಚಳದ ಸದ್ದಿಗೇ ಕೂತುಬಿಡುತ್ತಿತ್ತು. ಸರ್ ಅದನ್ನೇ ಎಲ್ಲರಿಗೂ ತೋರಿಸುತ್ತಿದ್ದರು.

ನಮ್ಮದು ಮುಧೋಳ ನಾಯಿ, ಹೆಣ್ಣು, ಹೆಸರು ಗುಬ್ಬಿ. ಈ ಜಿಲ್ಲೆಯವರಿಗೆ ಪರಿಚಯ ಬೇಕಿಲ್ಲ, ಆದರೂ ಹೊರಗಿನವರಿಗೆ ಹೇಳುತ್ತೇನೆ. ಮುಧೋಳದ ಘೋರ್ಪಡೆ ಮನೆತನ ಉಳಿಸಿ ಬೆಳೆಸಿದ ಬೇಟೆ ನಾಯಿ, ಐದನೇ ಜಾರ್ಜ್ ದೊರೆಗೆ ಕಾಣಿಕೆಯಾಗಿ ಹೋಗಿದ್ದು, 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದಿದ್ದು. ಮೂಗಿಗಿಂತ ಕಣ್ಣನ್ನು ನಂಬುವ ಜಾತಿ. ದೂರದಲ್ಲಿ ಏನೋ ಓಡಿತು ಅಂದರೆ ಮುಗಿಯಿತು.

ಮೈದಾನದಲ್ಲಿ ಮೊದಲ ಅರ್ಧ ತಾಸು ಗುಬ್ಬಿ ಸರಿಯಾಗಿಯೇ ಇರುತ್ತಾಳೆ. ಕೂರು ಅಂದರೆ ಕೂರುತ್ತಾಳೆ, ಅದೂ ಅರ್ಧ ಮನಸ್ಸಿನಿಂದ, ಹಿಂಭಾಗ ನೆಲಕ್ಕೆ ತಾಗಿಯೂ ತಾಗದ ಹಾಗೆ. ಎಲುಬಿನ ಮೈ, ಗಟ್ಟಿ ನೆಲ, ಪಾಪ. ಆಮೇಲೆ ಜಾಲಿಯ ಹಿಂದಿನಿಂದ ಒಂದು ಆಡಿನ ಮರಿ ನೆಗೆಯುತ್ತದೆ. ಮೊದಲು ಬಾಲ ನಿಲ್ಲುತ್ತದೆ. ಕತ್ತು ಉದ್ದವಾಗುತ್ತದೆ. ಮುಂಗಾಲು ಒಂದು ನೆಲ ಬಿಟ್ಟು ಮೇಲೆ ಬಂದು ಅಲ್ಲೇ ನಿಲ್ಲುತ್ತದೆ. ನಾನು ಲಿವರ್ ಚೂರನ್ನು ಮೂಗಿಗೆ ಹಚ್ಚಿಯೇ ಹಿಡಿದೆ, ಹೊಳ್ಳೆ ಕೂಡ ಅಲುಗಲಿಲ್ಲ. ಕ್ಲಿಕ್ಕರ್ ಟಕ್ ಟಕ್ ಅಂದರೆ ಯಾರಿಗೆ ಕೇಳಬೇಕು?

ಸರ್ ಹೇಳಿದ್ದು ಎರಡು. ಒಂದು, "ಹಸಿವಿಲೇ ಇಟ್ಟು ಕರ್ಕೊಂಡ್ ಬರ್ರಿ." ಮುಧೋಳ ನಾಯಿಯನ್ನು ಹಸಿವಿನಲ್ಲಿಡಬೇಕಂತೆ! ಮೊದಲೇ ಪಕ್ಕೆಲುಬು ಎಣಿಸಬಹುದು. ಎರಡನೆಯದು ಕೇಳಿ ನನಗೆ ಸಿಟ್ಟೇ ಬಂತು: "ನೀವು ಆಲ್ಫಾ ಆಗ್ಬೇಕ್ರಿ ಸರ್, ಒಮ್ಮಿ ಅಂಗಾತ ಕೆಡವಿ ಹಿಡೀರಿ, ತಾನ ದಾರಿಗೆ ಬರ್ತದ." ನಾನು ಮಾಡಲಿಲ್ಲ, ನೀವೂ ಮಾಡಬೇಡಿ.

ಆಲ್ಫಾ ಅಂದರೆ ಜಗಳದಲ್ಲಿ ಗೆದ್ದು ಗುಂಪಿನ ಯಜಮಾನ ಆದವನು ಅಂತ. ಈ ಮಾತು ಎಲ್ಲಿಂದ ಬಂತು ಅನ್ನುವುದು ಸ್ಲೈಡಿನಲ್ಲಿ ಇರಲಿಲ್ಲ, ಇರಬೇಕಿತ್ತು. ರುಡಾಲ್ಫ್ ಶೆಂಕೆಲ್ ಅನ್ನುವವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು ನೋಡಿ 1947ರಲ್ಲಿ ಬರೆದದ್ದರಿಂದ ಇದು ಶುರು. ಬೇಲಿಯೊಳಗೆ ಕೂಡಿಹಾಕಿದ ತೋಳಗಳು, ಬಿಟ್ಟು ಹೋಗಲು ಜಾಗ ಇಲ್ಲ, ಜಗಳ ಆಗದೆ ಇರುತ್ತಾ? ಅಮೆರಿಕದ ತೋಳ ತಜ್ಞ ಡೇವಿಡ್ ಮೆಕ್ ಕೂಡ 1970ರ ತಮ್ಮ ಪುಸ್ತಕದಲ್ಲಿ ಇದನ್ನೇ ಎತ್ತಿಕೊಂಡರು, ಜಗತ್ತಿನ ತುಂಬ ಹಬ್ಬಿತು. ಆಮೇಲೆ ಅವರೇ ಉತ್ತರ ಧ್ರುವದ ಹತ್ತಿರದ ಎಲ್ಸ್‌ಮಿಯರ್ ದ್ವೀಪಕ್ಕೆ ವರ್ಷ ವರ್ಷ ಹೋಗಿ ಕಾಡು ತೋಳಗಳ ಜೊತೆ ಬೇಸಿಗೆ ಕಳೆದರು. ಅಲ್ಲಿ ಕಂಡದ್ದು ಅಪ್ಪ, ಅಮ್ಮ, ಮಕ್ಕಳು. ಗುಂಪು ಅಂದರೆ ಸಂಸಾರ, ಅಷ್ಟೇ. 1999ರಲ್ಲಿ ಅದನ್ನು ಪ್ರಕಟಿಸಿ, ಆಲ್ಫಾ ಮಾತನ್ನು ಬಿಡಿ ಅಂದರು. ತಮ್ಮ ಹಳೆಯ ಪುಸ್ತಕ ಅಚ್ಚು ಹಾಕುವುದನ್ನು ನಿಲ್ಲಿಸಿ ಅಂತ ಪ್ರಕಾಶಕರಿಗೂ ಹೇಳಿದರು. ಬಾಗಲಕೋಟೆಗೆ ಮಾತ್ರ ಇನ್ನೂ ಹಳೆಯ ಸುದ್ದಿಯೇ ಓಡುತ್ತಿದೆ.

ಇಲ್ಲೇ ಈ ಕ್ಲಾಸಿನ ಕೊರತೆ ಇರುವುದು. ಇತಿಹಾಸ ಹೇಳುತ್ತಾರೆ, ಆದರೆ ಪೆಟ್ಟಿಗೆಯ ಒಳಗಿನ ಇತಿಹಾಸ ಮಾತ್ರ. ಹೊಲ, ಕಾಡು, ಕೆರೆ ದಂಡೆಯಲ್ಲಿ ಕೂತು ಪ್ರಾಣಿಯನ್ನು ನೋಡಿದವರ ಸಾಲೇ ಬೇರೆ ಇದೆ. 1973ರ ನೊಬೆಲ್ ಬಂದದ್ದು ಅಂಥ ಮೂವರಿಗೆ: ಜೇನುನೊಣದ ಕುಣಿತವನ್ನು ಓದಿದ ಫ್ರಿಶ್, ಬಾತಿನ ಮರಿಗಳು ಮೊದಲು ಕಂಡದ್ದರ ಹಿಂದೆಯೇ ಹೋಗುತ್ತವೆ ಅಂತ ತೋರಿಸಿದ ಲೊರೆಂಜ್ (ನಾಜಿ ಪಕ್ಷ ಸೇರಿದ್ದವರು, ಅದನ್ನು ಮರೆಯಬಾರದು), ಮತ್ತು ಟಿನ್‌ಬರ್ಗೆನ್. ನನಗೆ ಟಿನ್‌ಬರ್ಗೆನ್ ಕೆಲಸ ಅಂದರೆ ಇಷ್ಟ. ಮರಳಿನಲ್ಲಿ ಬಿಲ ತೋಡುವ ಕಣಜ ಮನೆಗೆ ದಾರಿ ಹೇಗೆ ಗುರುತು ಹಿಡಿಯುತ್ತದೆ ಅಂತ ನೋಡಲು, ಬಿಲದ ಸುತ್ತ ಪೈನ್ ಕಾಯಿಗಳ ಬಳೆ ಇಟ್ಟರು. ಕಣಜ ಹಾರಿ ಹೋದ ಮೇಲೆ ಬಳೆಯನ್ನು ಪಕ್ಕಕ್ಕೆ ಸರಿಸಿದರು. ವಾಪಸ್ ಬಂದ ಕಣಜ ಬಿಲ ಬಿಟ್ಟು ಬಳೆಯ ನಡುವೆ ಬಂದು ಇಳಿಯಿತು. ಗೋಡೆ ಇಲ್ಲ, ಪೆಟ್ಟಿಗೆ ಇಲ್ಲ, ಹಸಿವಿಲ್ಲ, ಆದರೂ ಅದು ಪಕ್ಕಾ ಪ್ರಯೋಗವೇ. ಹೊರಗೆ ಕೂತು ನೋಡುವುದು ಅಂದರೆ ಸುಮ್ನೆ ಟೈಂಪಾಸ್ ಅಂದುಕೊಳ್ಳುವವರಿಗೆ ಇದನ್ನು ಹೇಳಬೇಕು.

ಇಷ್ಟು ದೂರ ಯಾಕೆ, ನಮ್ಮ ಧಾರವಾಡವೇ ಈ ಇತಿಹಾಸದಲ್ಲಿದೆ. ಜಪಾನಿನ ಯುಕಿಮಾರು ಸುಗಿಯಾಮಾ 1960ರ ದಶಕದ ಮೊದಲಲ್ಲಿ ಧಾರವಾಡದ ಹತ್ತಿರದ ಕಾಡಿನಲ್ಲಿ ಮುಸುವಗಳ ಹಿಂದೆ ಬಿದ್ದಿದ್ದರು. ಹೊರಗಿನ ಗಂಡುಗಳು ಒಂದು ಗುಂಪಿನ ಮೇಲೆ ಬಿದ್ದು ಹಳೆಯ ಗಂಡನ್ನು ಓಡಿಸಿದವು, ಕೊನೆಗೆ ಉಳಿದ ಒಂದೇ ಗಂಡು ಎಳೆ ಮರಿಗಳನ್ನು ಕಚ್ಚಿ ಸಾಯಿಸಿತು. ಅದನ್ನು 1965ರಲ್ಲಿ ಪ್ರಕಟಿಸಿದಾಗ, ಇದೇನೋ ಕೆಟ್ಟುಹೋದ ನಡವಳಿಕೆ ಅಂದವರಿದ್ದರು. 1970ರ ದಶಕದಲ್ಲಿ ಸಾರಾ ಹರ್ಡಿ ರಾಜಸ್ಥಾನದ ಮೌಂಟ್ ಅಬುನಲ್ಲಿ ಮುಸುವಗಳನ್ನು ನೋಡಿ, ಮರಿ ಸತ್ತರೆ ತಾಯಿ ಬೇಗ ಬೆದೆಗೆ ಬರುತ್ತಾಳೆ, ಹೊಸ ಗಂಡಿಗೆ ಅದರಲ್ಲಿ ಲಾಭ ಇದೆ ಅಂತ ವಾದಿಸಿದರು. ಇದೆಲ್ಲ ಧಾರವಾಡದ ಕಾಡಿನಿಂದ ಶುರುವಾದ ಮಾತು, ನಮ್ಮ ಎಷ್ಟು ಜನಕ್ಕೆ ಗೊತ್ತು? ಪೀಟರ್ಸ್‌ಬರ್ಗಿಗೆ ಎರಡು ವಾರ ಕೊಟ್ಟವರು ಧಾರವಾಡಕ್ಕೆ ಒಂದು ಸ್ಲೈಡ್ ಕೊಡಬಹುದಿತ್ತು, ಅಲ್ವಾ?

ಗುಬ್ಬಿಯ ವಿಷಯಕ್ಕೆ ಬಂದರೆ, ಸ್ಕಿನ್ನರ್ ಶಿಷ್ಯರೇ ಇದರ ಉತ್ತರ ಬರೆದಿದ್ದಾರೆ. ಕೆಲ್ಲರ್ ಮತ್ತು ಮೇರಿಯನ್ ಬ್ರೆಲ್ಯಾಂಡ್ ಗಂಡ ಹೆಂಡತಿ, ಗುರುವಿನ ವಿದ್ಯೆ ಕಲಿತು ಜಾಹೀರಾತಿಗೆ, ಪ್ರದರ್ಶನಕ್ಕೆ ಪ್ರಾಣಿ ತಯಾರು ಮಾಡುವ ಕಂಪನಿ ಶುರು ಮಾಡಿದ್ದರು. ಹಂದಿಗೆ ಕಟ್ಟಿಗೆಯ ನಾಣ್ಯ ತಂದು ಡಬ್ಬಿಗೆ ಹಾಕುವುದನ್ನು ಕಲಿಸಿದರು. ಮೊದಲು ಚೆನ್ನಾಗಿ ಕಲಿತ ಹಂದಿ, ಬರಬರುತ್ತ ನಾಣ್ಯವನ್ನು ದಾರಿಯಲ್ಲೇ ಕೆಡವಿ, ಮೂತಿಯಿಂದ ಕೆದರಿ, ಮೇಲಕ್ಕೆಸೆದು, ಮತ್ತೆ ಕೆದರುತ್ತ ನಿಂತುಬಿಡುತ್ತಿತ್ತು. ಊಟ ತಪ್ಪಿಹೋದರೂ ಸರಿ. ರಕೂನ್ ಅನ್ನುವ ಅಮೆರಿಕದ ಪ್ರಾಣಿ ನಾಣ್ಯಗಳನ್ನು ಬಿಡದೆ ಒಂದಕ್ಕೊಂದು ಉಜ್ಜುತ್ತ ಕೂತಿತು. 1961ರಲ್ಲಿ ಅವರು ಇದನ್ನೆಲ್ಲ ಬರೆದರು: ಹುಟ್ಟುಗುಣ ಮೆಲ್ಲಗೆ ಮೇಲೆ ಬಂದು ಕಲಿಸಿದ್ದನ್ನು ನುಂಗಿಬಿಡುತ್ತದೆ. ಇನಾಮು ಕೊಟ್ಟರೆ ಯಾವ ಪ್ರಾಣಿಗೂ ಏನನ್ನೂ ಕಲಿಸಬಹುದು ಅನ್ನುವ ಧೈರ್ಯಕ್ಕೆ ಒಳಗಿನವರಿಂದಲೇ ಬಿದ್ದ ಪೆಟ್ಟು ಅದು. ಆಡಿನ ಮರಿ ಕಂಡಾಗ ಗುಬ್ಬಿ ಹಟ ಮಾಡುತ್ತಿಲ್ಲ, ಮುಧೋಳ ನಾಯಿ ಆಗಿದ್ದಾಳೆ ಅಷ್ಟೇ.

ದಾರಿ ಸಿಕ್ಕಿದ್ದು ಕ್ಲಾಸಿನಲ್ಲಲ್ಲ, ಲೋಕಾಪುರದ ಕಡೆಯ ಒಬ್ಬ ಕುರಿಗಾಹಿ ಅಜ್ಜನಿಂದ. ತಲೆತಲಾಂತರದಿಂದ ಈ ನಾಯಿ ಸಾಕಿದ ಮನೆ. ಅಜ್ಜ ಗುಬ್ಬಿಯನ್ನು ಮೇಲಿಂದ ಕೆಳಗೆ ನೋಡಿ, "ತಮ್ಮಾ, ಇದು ಬ್ಯಾಟಿ ನಾಯಿ. ಇದಕ್ಕ ಓಡೂದ ಊಟ. ನೀ ಓಟಾನ ಇನಾಮು ಕೊಡು" ಅಂದ. ಉದ್ದ ಬಿದಿರು ಕೋಲು, ತುದಿಗೆ ಹಗ್ಗ, ಹಗ್ಗದ ತುದಿಗೆ ಹಳೆಯ ಸೀರೆಯ ಚಿಂದಿ. ಈಗ ಗುಬ್ಬಿ ಕರೆದಾಗ ಬಂದರೆ ಚಿಂದಿ ಹಾರುತ್ತದೆ, ಬರದಿದ್ದರೆ ಇಲ್ಲ. ಕೆಲವೇ ವಾರದಲ್ಲಿ ನಾಯಿ ಬದಲಾಯಿತು. ಆಡು ಹತ್ತಿರ ಬಂದರೆ ಈಗಲೂ ಬೆಲ್ಟು ಬೇಕೇ ಬೇಕು, ಆದರೆ ದೂರದಲ್ಲಿದ್ದರೆ ಒಮ್ಮೆ ನನ್ನ ಕಡೆ ತಿರುಗಿ ನೋಡುತ್ತಾಳೆ. ಲಿವರ್‌ಗೆ ಒಮ್ಮೆಯೂ ಹಾಗೆ ತಿರುಗಿರಲಿಲ್ಲ. ತಮಾಷೆ ಅಂದರೆ ಪ್ರಯೋಗಾಲಯದವರಿಗೂ ಇದು ಗೊತ್ತಿತ್ತು: ಪ್ರಾಣಿ ತಾನಾಗಿ ಜಾಸ್ತಿ ಮಾಡುವ ಕೆಲಸವನ್ನೇ, ಕಡಿಮೆ ಮಾಡುವ ಕೆಲಸಕ್ಕೆ ಇನಾಮಾಗಿ ಕೊಡಬಹುದು ಅಂತ ಡೇವಿಡ್ ಪ್ರಿಮ್ಯಾಕ್ 1959ರಲ್ಲೇ ತೋರಿಸಿದ್ದರು. ಇದನ್ನು ಭಾನುವಾರ ಥಿಯರಿಯಲ್ಲಿ ಪ್ರಸ್ತಾಪ ಮಾಡಿದೆ, ಸರ್ ಬರೆದುಕೊಂಡರು. ಅದಕ್ಕೇ ಒಳ್ಳೆಯ ಮನುಷ್ಯ ಅಂದದ್ದು.

ಇನ್ನೊಂದು ದೂರು ಇದೆ. ಇಲ್ಲಿ ನಾಲ್ಕು ತಿಂಗಳು ತುಂಬದ ಮರಿ ಸೇರಿಸಿಕೊಳ್ಳುವುದಿಲ್ಲ, ಲಸಿಕೆ ಮುಗಿಯಲಿ ಅಂತ. ಪಾರ್ವೋ ಅನ್ನುವ, ಮರಿಗಳನ್ನು ಕೊಲ್ಲುವ ಅಂಟುರೋಗದ ಭಯ ನಿಜ, ಒಪ್ಪುತ್ತೇನೆ. ಆದರೆ ಸ್ಕಾಟ್ ಮತ್ತು ಫುಲ್ಲರ್ ಅಮೆರಿಕದಲ್ಲಿ ಐದು ಜಾತಿಯ ನಾಯಿಗಳನ್ನು ವರ್ಷಗಟ್ಟಲೆ ಸಾಕಿ ನೋಡಿ 1965ರಲ್ಲಿ ಬರೆದ ಪ್ರಕಾರ, ಮರಿ ಜನಕ್ಕೆ, ಬೇರೆ ನಾಯಿಗಳಿಗೆ ಹೊಂದಿಕೊಳ್ಳುವ ಕಾಲ ಸುಮಾರು 3ರಿಂದ 12 ವಾರ. ಮುಧೋಳ ನಾಯಿ ಮೊದಲೇ ಹೊಸಬರನ್ನು ಕಂಡರೆ ಹಿಂದೆ ಸರಿಯುವ ಸ್ವಭಾವದ್ದು. ನಾಲ್ಕು ತಿಂಗಳ ತನಕ ಮನೆಯಲ್ಲೇ ಕಟ್ಟಿದರೆ ಆಮೇಲೆ ಕಷ್ಟ. ಮರಿಯನ್ನು ಎತ್ತಿಕೊಂಡು ಥಿಯರಿಗೆ ಬನ್ನಿ, ನೆಲಕ್ಕೆ ಬಿಡಬೇಡಿ ಅಂದರೆ ಆಯಿತಲ್ಲ.

5ಕ್ಕೆ ಮೂರೂವರೆ ಕೊಡುತ್ತೇನೆ. ಆ ಆಲ್ಫಾ ಮಾತು ಬಿಟ್ಟಿದ್ದರೆ ನಾಲ್ಕು. ಫೀಸು ತಿಂಗಳಿಗೆ 2,500 ರೂಪಾಯಿ, ಕ್ಲಿಕ್ಕರ್ ಅವರೇ ಕೊಡುತ್ತಾರೆ, ಲಿವರ್ ನಾವು ಬೇಯಿಸಿಕೊಂಡು ಹೋಗಬೇಕು. ಮುಧೋಳ ನಾಯಿ ಇದ್ದವರು ಸೇರುವ ಮುನ್ನ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರಕ್ಕೆ ಒಮ್ಮೆ ಹೋಗಿ ಈ ಜಾತಿಯ ಬಗ್ಗೆ ಕೇಳಿಕೊಂಡು ಬನ್ನಿ, ಮೈದಾನದಲ್ಲಿ ಆಡು ಕಾಣದ ಮೂಲೆ ಹಿಡಿಯಿರಿ, ಅದು ಟಂಟಂ ಸ್ಟ್ಯಾಂಡಿನ ಬದಿಗಿದೆ. ನೆರಳು ಎಲ್ಲೂ ಇಲ್ಲ, ಏಪ್ರಿಲ್, ಮೇ ತಿಂಗಳಲ್ಲಿ ಬೆಳಗಿನ ಆರೂವರೆ ಬ್ಯಾಚೇ ಕೇಳಿ ತೆಗೆದುಕೊಳ್ಳಿ, ಎಂಟರ ಬ್ಯಾಚಿಗೆ ನಾಯಿಯ ಕಾಲು ಸುಡುತ್ತದೆ.