ಮ್ಯಾರಿಯಟ್ ಬಾನ್‌ವಾಯ್ ಎಚ್‌ಡಿಎಫ್‌ಸಿ ಕಾರ್ಡು: ಹದಿನೈದು ಸಾವಿರದ ಗಡಿಯೊಳಗೆ ಎಷ್ಟು ದಕ್ಕುತ್ತದೆ?

ವರ್ಷಕ್ಕೆ 3,000 ರೂಪಾಯಿ ಫೀಸು, ಅದರ ಮೇಲೆ ಜಿಎಸ್‌ಟಿ, ಒಟ್ಟು 3,540. ಇಷ್ಟು ಕಟ್ಟಿ ಕಾರ್ಡನ್ನು ಒಮ್ಮೆ ಉಜ್ಜಿದರೆ ಮ್ಯಾರಿಯಟ್ ಗುಂಪಿನ ಹೋಟೆಲಿನಲ್ಲಿ ಒಂದು ರಾತ್ರಿ ಬಾಡಿಗೆ ಕೊಡದೆ ಉಳಿಯುವ ಅವಕಾಶ. ರಿನ್ಯೂವಲ್ ಫೀಸು ಕಟ್ಟಿದಾಗಲೂ ಅದೇ. 2023ರ ಆಗಸ್ಟ್‌ನಲ್ಲಿ ಈ ಕಾರ್ಡು ಬಂದಾಗ, ಹೋಟೆಲ್ ಕಂಪನಿಯೊಂದರ ಜೊತೆ ಸೇರಿ ನಮ್ಮ ದೇಶದಲ್ಲಿ ಮಾಡಿದ ಮೊದಲ ಕಾರ್ಡು ಇದೇ ಎಂದು ಹೇಳಿಕೊಂಡೇ ಬಿಟ್ಟಿದ್ದರು. ಹೊಸದರಲ್ಲೇ ತಗೊಂಡವರ ಪೈಕಿ ನಾನೂ ಒಬ್ಬ. ಈಗಲೂ ಫೀಸು ಕಟ್ಟುತ್ತಿದ್ದೇನೆ. ಆದರೆ ಕೇಳಿದವರಿಗೆಲ್ಲ "ತಗೊಳ್ಳಿ" ಅನ್ನುವುದಿಲ್ಲ.

ಕಾರಣ, ಆ ಫ್ರೀ ನೈಟ್ ಅವಾರ್ಡಿಗೆ ಒಂದು ಗಡಿ ಇದೆ: 15,000 ಪಾಯಿಂಟ್. ಪಾಯಿಂಟ್ ಅಂದರೆ ಮ್ಯಾರಿಯಟ್‌ನ ಸದಸ್ಯತ್ವ ಯೋಜನೆಯಾದ ಬಾನ್‌ವಾಯ್‌ನದು; ರೂಮಿಗೆ ರೂಪಾಯಿಯ ಬಾಡಿಗೆಯ ಜೊತೆ ಪಾಯಿಂಟಿನಲ್ಲೂ ಒಂದು ಬೆಲೆ ಇರುತ್ತದೆ. ನೀವು ಹೋಗುವ ದಿನ ಆ ರೂಮಿನ ಬೆಲೆ ಹದಿನೈದು ಸಾವಿರ ಪಾಯಿಂಟ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸರಿ, ಹೆಚ್ಚಿದ್ದರೆ ಬರೀ ಅವಾರ್ಡಿನಲ್ಲಿ ಆ ರೂಮು ಸಿಗದು. ಕಡಿಮೆ ಇದ್ದರೆ ಉಳಿದದ್ದು ವಾಪಸ್ ಬರುವುದಿಲ್ಲ. ಒಂಬತ್ತು ಸಾವಿರದ ರೂಮಿಗೆ ಬಳಸಿದರೆ ಮಿಕ್ಕ ಆರು ಸಾವಿರ ಹೋಯಿತು ಅಂತಲೇ ಲೆಕ್ಕ. ಹಿಂದೆ ಯಾವ ಹೋಟೆಲಿಗೆ ಎಷ್ಟು ಪಾಯಿಂಟ್ ಅಂತ ಮ್ಯಾರಿಯಟ್‌ನಲ್ಲಿ ಒಂದು ಪಟ್ಟಿ ಇರುತ್ತಿತ್ತು. 2022ರಲ್ಲಿ ಆ ಪಟ್ಟಿ ಕೈಬಿಟ್ಟರು. ಈಗ ರೂಮಿನ ಬಾಡಿಗೆ ಏರಿದಂತೆ ಪಾಯಿಂಟಿನ ಬೆಲೆಯೂ ಹೆಚ್ಚುಕಡಿಮೆ ಅದರ ಹಿಂದೆಯೇ ಏರುತ್ತದೆ, ಇಳಿದಂತೆ ಇಳಿಯುತ್ತದೆ. ಹಾಗಾಗಿ ಕಾರ್ಡು ತಗೊಳ್ಳುವ ಮುಂಚೆ ಮ್ಯಾರಿಯಟ್‌ನ ಆ್ಯಪಿನಲ್ಲಿ ಸುಮ್ಮನೆ ಸದಸ್ಯರಾಗಿ (ಅದಕ್ಕೆ ದುಡ್ಡಿಲ್ಲ), ನೀವು ಹೇಗಿದ್ದರೂ ಹೋಗುವ ಊರು, ಹೋಗುವ ವಾರ ಹಾಕಿ, ಪಾಯಿಂಟಿನಲ್ಲಿ ಬೆಲೆ ತೋರಿಸು ಅಂತ ಒತ್ತಿ ನೋಡಿ. ಬ್ಯಾಂಕಿನವರು ಕೊಡುವ ಕರಪತ್ರಕ್ಕಿಂತ ಈ ಹುಡುಕಾಟ ಹೆಚ್ಚು ಹೇಳುತ್ತದೆ.

ನಮ್ಮ ಕಡೆ ಇದರ ಆಟ ಹೇಗಿದೆ ಅಂದರೆ, ಬೆಂಗಳೂರಿನ ಹೋಟೆಲುಗಳು ಆಫೀಸಿನವರ ಮೇಲೆ ನಡೆಯುವಂಥವು. ಔಟರ್ ರಿಂಗ್ ರೋಡ್, ವೈಟ್‌ಫೀಲ್ಡ್ ಕಡೆ ಮಂಗಳವಾರ, ಬುಧವಾರ ರೂಮು ದುಬಾರಿ. ಶನಿವಾರ, ಭಾನುವಾರ ಇಳಿಯುತ್ತದೆ. ಮಡಿಕೇರಿಯ ಕೂರ್ಗ್ ಮ್ಯಾರಿಯಟ್‌ನಂಥ ರೆಸಾರ್ಟಿನಲ್ಲಿ ಪೂರ್ತಿ ಉಲ್ಟಾ. ಅಲ್ಲಿ ವಾರಾಂತ್ಯಕ್ಕೆ, ಅದರಲ್ಲೂ ಸೋಮವಾರ ರಜೆ ಸೇರಿಕೊಂಡ ವಾರಾಂತ್ಯಕ್ಕೆ, ಬರೀ ಅವಾರ್ಡ್ ಹಿಡಿದು ಹೋಗುತ್ತೇನೆ ಅನ್ನುವ ಆಸೆ ಬೇಡ. ರಾಜಾಜಿನಗರದ ಫೇರ್‌ಫೀಲ್ಡ್, ಬೆಳಗಾವಿಯ ಫೇರ್‌ಫೀಲ್ಡ್, ಗೋವಾದಲ್ಲಿ ಅಂಜುನಾದ ಫೇರ್‌ಫೀಲ್ಡ್, ಮದುರೈನ ಕೋರ್ಟ್‌ಯಾರ್ಡ್, ಇಂಥ ಮಧ್ಯಮ ದರ್ಜೆಯ ಹೋಟೆಲುಗಳೇ ಈ ಕಾರ್ಡಿಗೆ ಹೇಳಿಮಾಡಿಸಿದವು. ಗೋವಾಕ್ಕೆ ಮಳೆಗಾಲದಲ್ಲಿ ಹೋಗುವ ಅಭ್ಯಾಸ ನಿಮಗಿದ್ದರೆ ಇನ್ನೂ ಒಳ್ಳೆಯದು. ಮಳೆಯಲ್ಲಿ ಗೋವಾ ಚೆನ್ನ ಅಂತ ನಾನು ವಾದ ಮಾಡಬಲ್ಲೆ, ಮನೆಯಲ್ಲಿ ಮಾತ್ರ ಯಾರೂ ಒಪ್ಪಿಲ್ಲ.

ನಾನು ಲಾಭ ಅಳೆಯುವುದು ಒಂದೇ ಪ್ರಶ್ನೆಯಿಂದ: ಕಾರ್ಡು ಇಲ್ಲದಿದ್ದರೆ ಆ ರೂಮಿಗೆ ಜೇಬಿನಿಂದ ಎಷ್ಟು ಕೊಡುತ್ತಿದ್ದೆ? ಹೋಟೆಲಿನ ದರ ಹನ್ನೆರಡು ಸಾವಿರ ಅಂತ ಇರಬಹುದು, ಆದರೆ ನಾನು ಐದು ಸಾವಿರದ ರೂಮಿನಲ್ಲೇ ಉಳಿಯುವವನಾದರೆ ನನಗೆ ಉಳಿದದ್ದು ಐದು ಸಾವಿರ, ಹನ್ನೆರಡಲ್ಲ. 3,540ನ್ನು ಅದರಿಂದ ಕಳೆಯಿರಿ. ಇಷ್ಟು ಬಿಗಿಯಾಗಿ ನೋಡಿದರೂ ವರ್ಷಕ್ಕೊಂದು ರಾತ್ರಿ ನನಗೆ ಗಿಟ್ಟುತ್ತದೆ, ಯಾಕೆಂದರೆ ನಮ್ಮ ಮನೆಯಲ್ಲಿ ಮದುರೈ, ರಾಮೇಶ್ವರದ ಓಡಾಟ ಇದ್ದೇ ಇರುತ್ತದೆ. ಇನ್ನೊಂದು ಅನುಕೂಲ: ರೂಮಿನ ಬಾಡಿಗೆ ದಿನಕ್ಕೆ 7,500 ದಾಟಿದರೆ ಮೇಲೆ ಶೇ. 18 ಜಿಎಸ್‌ಟಿ ಬೀಳುತ್ತದೆ. ಅವಾರ್ಡಿನಲ್ಲಿ ಉಳಿದಾಗ ಬಾಡಿಗೆಯೇ ಇಲ್ಲದ ಕಾರಣ ಆ ಹೊರೆಯೂ ನನಗೆ ಬಂದಿಲ್ಲ.

ಎರಡನೆಯ ರಾತ್ರಿ ಬೇಕಾದರೆ ವರ್ಷದಲ್ಲಿ 6 ಲಕ್ಷ ಖರ್ಚು ಮಾಡಬೇಕು. ಮುಂದಿನದು 9 ಲಕ್ಷಕ್ಕೆ, ಆಮೇಲಿನದು 15 ಲಕ್ಷಕ್ಕೆ. ಪೆಟ್ರೋಲು, ಮನೆ ಬಾಡಿಗೆ, ವ್ಯಾಲೆಟ್‌ಗೆ ಹಾಕಿದ ದುಡ್ಡಿಗೆ ಪಾಯಿಂಟು ಬರುವುದಿಲ್ಲ. ಸಾಮಾನ್ಯ ಖರ್ಚಿಗೆ 150 ರೂಪಾಯಿಗೆ 2 ಪಾಯಿಂಟ್, ಊಟ ಮತ್ತು ಪ್ರಯಾಣಕ್ಕೆ 4, ಮ್ಯಾರಿಯಟ್ ಹೋಟೆಲಿನಲ್ಲೇ ಕೊಟ್ಟರೆ 8. ಅಂದರೆ 6 ಲಕ್ಷ ಪೂರ್ತಿ ದಿನಸಿ, ಬಟ್ಟೆಬರೆಗೇ ಹೋದರೆ ಕೈಗೆ ಬರುವುದು 8,000 ಪಾಯಿಂಟ್ ಮತ್ತು ಒಂದು ರಾತ್ರಿ. ಅದೇ 6 ಲಕ್ಷವನ್ನು ಶೇ. 1 ವಾಪಸ್ ಕೊಡುವ ಕ್ಯಾಶ್‌ಬ್ಯಾಕ್ ಕಾರ್ಡಿನಲ್ಲಿ ಉಜ್ಜಿದ್ದರೆ 6,000 ರೂಪಾಯಿ, ಶೇ. 1.5 ಆದರೆ 9,000. ನಿಮ್ಮ ಹತ್ತಿರ ಒಳ್ಳೆಯ ಕ್ಯಾಶ್‌ಬ್ಯಾಕ್ ಕಾರ್ಡಿದ್ದರೆ 6 ಲಕ್ಷದ ಬೆನ್ನು ಹತ್ತಬೇಡಿ. ಮೊದಲ ರಾತ್ರಿ ಸಾಕು. ಆದರೆ ಮನೆ ಕಟ್ಟಿಸುವ ವರ್ಷವೋ ಮದುವೆಯ ವರ್ಷವೋ ಆಗಿ ಖರ್ಚು ತಾನಾಗಿ 6 ದಾಟಿತು ಅನ್ನಿ, 9ಕ್ಕೆ ಎಳೆಯಿರಿ. ಆರರಿಂದ ಒಂಬತ್ತರ ನಡುವೆ ಬರೀ ಮೂರು ಲಕ್ಷಕ್ಕೆ ಒಂದು ರಾತ್ರಿ, ಇಡೀ ಕಾರ್ಡಿನಲ್ಲಿ ಅತಿ ಅಗ್ಗದ ಮೆಟ್ಟಿಲು ಅದು. ಒಂಬತ್ತರಿಂದ ಹದಿನೈದಕ್ಕೆ ನಾನು ಕೈ ಹಾಕುವುದಿಲ್ಲ.

ಕೂಡಿಬಿದ್ದ ಪಾಯಿಂಟು ಎಲ್ಲಿ ಕೆಲಸಕ್ಕೆ ಬರುತ್ತದೆ ಅಂದರೆ, ಒಂದು ಅವಾರ್ಡಿನ ಜೊತೆ 15,000 ಪಾಯಿಂಟಿನವರೆಗೆ ನಮ್ಮ ಕೈಯಿಂದ ಸೇರಿಸಲು ಮ್ಯಾರಿಯಟ್ ಬಿಡುತ್ತದೆ. ಆಗ ಗಡಿ 30,000 ಆಗುತ್ತದೆ, ಮಲ್ಲೇಶ್ವರದ ಪಕ್ಕದ ಶೆರಾಟನ್‌ನಂಥವೂ ಲೆಕ್ಕಕ್ಕೆ ಬರುತ್ತವೆ. ಆಫೀಸಿನ ಕೆಲಸಕ್ಕೆ ಊರೂರು ತಿರುಗುವವರಿಗೆ ಇದು ಸಲೀಸು. ರೂಮಿನ ದುಡ್ಡು ಕಂಪನಿಯದು, ಮ್ಯಾರಿಯಟ್ ಸದಸ್ಯರಿಗೆ ಕೊಡುವ ಪಾಯಿಂಟು (ಹೆಚ್ಚಿನ ಬ್ರ್ಯಾಂಡುಗಳಲ್ಲಿ ಡಾಲರಿಗೆ 10) ರೂಮಿನಲ್ಲಿ ತಂಗಿದವರದು. ಕಾರ್ಡಿನಿಂದ ಬರುವ ಮ್ಯಾರಿಯಟ್ ಸದಸ್ಯತ್ವದ ಸಿಲ್ವರ್ ದರ್ಜೆಯನ್ನು ಮಾತ್ರ ದೊಡ್ಡದು ಮಾಡಬೇಡಿ. ಬೆಳಗಿನ ತಿಂಡಿ ಅದರಲ್ಲಿ ಇಲ್ಲ. ಕಾರ್ಡು ವರ್ಷಕ್ಕೆ 10 ರಾತ್ರಿಗಳನ್ನು ಖಾತೆಗೆ ಜಮಾ ಮಾಡುತ್ತದೆ, ಮೇಲಿನ ಗೋಲ್ಡ್ ದರ್ಜೆಗೆ 25 ಬೇಕು. ಆದ್ದರಿಂದ ನಿಜವಾಗಿ ಓಡಾಡುವವರಿಗೆ ಅದೊಂದು ಏಣಿ, ಉಳಿದವರಿಗೆ ಬರೀ ಬಿರುದು.

ತಿಂಡಿ ಅಂದೆನಲ್ಲ, ಕುಟುಂಬ ಕಟ್ಟಿಕೊಂಡು ಹೋಗುವವರು ಗಮನಿಸಿ. ಅವಾರ್ಡು ರೂಮಿಗೆ ಮಾತ್ರ. ಮಗುವಿಗೆ ಎಕ್ಸ್‌ಟ್ರಾ ಬೆಡ್ಡು, ನಾಲ್ಕು ಜನರ ಬಫೆ, ಎಲ್ಲ ಬಿಲ್ಲಿಗೆ ಸೇರುತ್ತ ಹೋದರೆ ಉಳಿಸಿದ್ದರಲ್ಲಿ ಅರ್ಧ ಅಲ್ಲೇ ಕರಗುತ್ತದೆ. ನಾವು ರೂಮಿನ ಕಾಫಿ ಕುಡಿದು ಹೊರಗಿನ ಇಡ್ಲಿ ಹೋಟೆಲಿಗೆ ಹೋಗುತ್ತೇವೆ. ಅಮ್ಮನಿಗಂತೂ ಬಫೆಗಿಂತ ಅದೇ ಇಷ್ಟ.

ಕಾರ್ಡು ಡೈನರ್ಸ್ ಕ್ಲಬ್‌ನದು (ವೀಸಾ, ಮಾಸ್ಟರ್‌ಕಾರ್ಡಿನಂಥ ಇನ್ನೊಂದು ಜಾಲ). ಮಾಲು, ಆನ್‌ಲೈನು, ದೊಡ್ಡ ಅಂಗಡಿಗಳಲ್ಲಿ ತೊಂದರೆಯಿಲ್ಲ. ಸಣ್ಣ ಊರಿಗೆ ಇದೊಂದನ್ನೇ ನೆಚ್ಚಿಕೊಂಡು ಹೋಗಬಾರದು, ಯುಪಿಐಗೂ ಜೋಡಿಸಲಾಗದು. ವಿದೇಶದ ಖರ್ಚಿಗೆ ಶೇ. 3.5 ಮಾರ್ಕಪ್ (ಬ್ಯಾಂಕು ಮೇಲೆ ಸೇರಿಸುವ ಶುಲ್ಕ), ಜಿಎಸ್‌ಟಿ ಸೇರಿ ನಾಲ್ಕರ ಮೇಲೆ. ಬ್ಯಾಂಕಾಕಿನಲ್ಲಿ ಅವಾರ್ಡಿನಿಂದ ಉಳಿಯಿರಿ, ಅಲ್ಲಿ ಶಾಪಿಂಗಿಗೆ ಬೇರೆ ಕಾರ್ಡು ತೆಗೆಯಿರಿ. ವಿಮಾನ ನಿಲ್ದಾಣದ ಲೌಂಜು ವರ್ಷಕ್ಕೆ ದೇಶದೊಳಗೆ 12, ಹೊರಗೆ 12; ಈ ಫೀಸಿಗೆ ಅದು ಧಾರಾಳ.

ಅಮೆರಿಕದ ಯೂಟ್ಯೂಬ್ ವಿಡಿಯೊ ನೋಡಿ ಆಸೆ ಕಟ್ಟಿಕೊಂಡವರಿಗೆ ಒಂದು ಮಾತು. ಅಲ್ಲಿನ ಮ್ಯಾರಿಯಟ್ ಬೌಂಡ್‌ಲೆಸ್ ಕಾರ್ಡು 95 ಡಾಲರಿಗೆ 35,000 ಪಾಯಿಂಟಿನ ರಾತ್ರಿ ಕೊಡುತ್ತದೆ. ಅವರು ತೋರಿಸುವ ಹೋಟೆಲುಗಳು ನಮ್ಮ ಹದಿನೈದು ಸಾವಿರಕ್ಕೆ ಬರುವಂಥವಲ್ಲ. ನಮ್ಮ ಫೀಸೂ ಅಲ್ಲಿನದರ ಅರ್ಧಕ್ಕಿಂತ ಕಡಿಮೆ ಅನ್ನುವುದನ್ನೂ ನೆನಪಿಡಿ.

ಅವಾರ್ಡಿಗೆ ಒಂದು ವರ್ಷದ ಅವಧಿ. ಆ ದಿನಾಂಕದೊಳಗೆ ಉಳಿದು ಬರುವ ಹಾಗೆ ಬುಕ್ ಮಾಡಿ, ಕೊನೆಯ ತಿಂಗಳಿಗೆ ಬಿಟ್ಟರೆ ಬೇಕಾದ ತಾರೀಕು ಸಿಗದು. ಹುಬ್ಬಳ್ಳಿಯ ನನ್ನ ಭಾವ ವರ್ಷಕ್ಕೊಮ್ಮೆ ಗೋವಾಕ್ಕೆ ಹೋಗಿಯೇ ಹೋಗುತ್ತಾರೆ, ಅವರಿಗೆ ತಗೊಳ್ಳಿ ಅಂದೆ. ರಜೆ ಬಂದರೆ ತೀರ್ಥಹಳ್ಳಿಯ ಹೋಮ್‌ಸ್ಟೇ ಬಿಟ್ಟು ಬೇರೆ ಕಡೆ ಹೋಗದ ಗೆಳೆಯನಿಗೆ ಬೇಡ ಅಂದೆ. ಅವನು ಫೀಸಿಲ್ಲದ ಕ್ಯಾಶ್‌ಬ್ಯಾಕ್ ಕಾರ್ಡು ಇಟ್ಟುಕೊಂಡಿದ್ದಾನೆ.