ಸೋಲೋ ಇಲ್ಲದ ಸೋಲೋ ಆಲ್ಬಮ್: ಕೀತ್ ರಿಚರ್ಡ್ಸ್ 'ಟಾಕ್ ಈಸ್ ಚೀಪ್'

ಗಿಟಾರಿಸ್ಟ್‌ಗಳ ಸೋಲೋ ಆಲ್ಬಮ್ ಅಂದ್ರೆ ನಂಗೆ ಮೊದ್ಲಿಂದ ಸ್ವಲ್ಪ ಭಯ. ಬ್ಯಾಂಡಲ್ಲಿದ್ರೆ ಸಾಕು ನಿಲ್ಸಪ್ಪ ಅನ್ನೋರು ಯಾರಾದ್ರೂ ಇರ್ತಾರೆ, ಒಬ್ರೇ ಆದ್ರೆ ಮುಗೀತು, ಐದೈದು ನಿಮಿಷ ಕುಯ್ತಾನೇ ಇರ್ತಾರೆ. ಬ್ರಿಟಿಷ್ ರಾಕ್ ಬ್ಯಾಂಡ್ ರೋಲಿಂಗ್ ಸ್ಟೋನ್ಸ್‌ನ ಗಿಟಾರಿಸ್ಟ್ ಕೀತ್ ರಿಚರ್ಡ್ಸ್ 1988ರಲ್ಲಿ ತಂದ ಈ ಮೊದಲ ಸೋಲೋ ಆಲ್ಬಮ್ ಪೂರ್ತಿ ಉಲ್ಟಾ. ಕೈಚಳಕ ತೋರ್ಸೋ ಲೀಡ್, ಅಂದ್ರೆ ಗಿಟಾರ್ ಸೋಲೋ, ಹುಡುಕಿದ್ರೂ ಸಿಗಲ್ಲ, ಈಯಪ್ಪ ಇಲ್ಲೂ ಹಾಯಾಗಿ ಹಾಡಿಗೆ ಲಯ ಕೊಡೋ ರಿದಮ್ ಬಾರಿಸ್ಕೊಂಡೇ ಕೂತಿದಾನೆ.

ಹಿನ್ನೆಲೆ ಗೊತ್ತಿದ್ರೆ ಮಜಾ ಜಾಸ್ತಿ. 1985ರಲ್ಲಿ ಸ್ಟೋನ್ಸ್ ಗಾಯಕ ಮಿಕ್ ಜಾಗರ್ ತನ್ನದೇ ಆಲ್ಬಮ್ ಮಾಡ್ದ, 1986ರಲ್ಲಿ ಸ್ಟೋನ್ಸ್ ಆಲ್ಬಮ್ ಬಂದ್ರೆ ಟೂರ್ ಬೇಡ ಅಂದ, 1987ರಲ್ಲಿ ಮತ್ತೆ ತನ್ನದೇ ಇನ್ನೊಂದು. ಕೀತ್‌ಗೆ ಉರಿದೇ ಇರುತ್ತಾ? 'ಯು ಡೋಂಟ್ ಮೂವ್ ಮಿ' ನೇರ ಜಾಗರ್‌ಗೇ ಬರೆದ ಹಾಡು, ಆದ್ರೆ ಕೂಗಾಟ ಇಲ್ಲ, ಜಗಳ ಮುಗಿದ್ಮೇಲೆ ಬಾಗಿಲ ಹತ್ರ ನಿಂತು ಗೊಣಗ್ತಾರಲ್ಲ ಹಂಗಿದೆ.

'ಟೇಕ್ ಇಟ್ ಸೋ ಹಾರ್ಡ್' ಮಾತ್ರ ಹೆಡ್‌ಫೋನ್ ಹಾಕ್ಕೊಂಡೇ ಕೇಳಿ. ಕೀತ್ ಗಿಟಾರ್‌ನ ದಪ್ಪ ತಂತಿ ಬಿಚ್ಚಿ ಹಾಕಿ ಐದೇ ತಂತಿ ಇಟ್ಕೋತಾನೆ, ಜಿ-ಡಿ-ಜಿ-ಬಿ-ಡಿ ಸ್ವರಗಳಿಗೆ ಟ್ಯೂನಿಂಗ್, ಒಂದು ಬೆರಳು ಅಡ್ಡ ಒತ್ತಿದ್ರೆ ಕಾರ್ಡ್ (ಒಟ್ಟಿಗೆ ನುಡಿಯೋ ಸ್ವರಗಳ ಗುಂಪು) ರೆಡಿ, ಇನ್ನೆರಡು ಬೆರಳು ಇಟ್ಟು ತೆಗೆದ್ರೆ ನಮಗೆಲ್ಲ ಗೊತ್ತಿರೋ ಆ ಸ್ಟೋನ್ಸ್ ಸೌಂಡ್. ಅಷ್ಟೇ ಅವನ ಬಂಡವಾಳ. ಆದ್ರೆ ಒಂದು ಏಟಿಗೂ ಇನ್ನೊಂದಕ್ಕೂ ಮಧ್ಯ ಬಿಡ್ತಾನಲ್ಲ ಗ್ಯಾಪ್, ಅಲ್ಲಿ ಸ್ಟೀವ್ ಜೋರ್ಡಾನ್ ಡ್ರಮ್ಸ್ ಬಂದು ಕೂರೋದು ಇದ್ಯಲ್ಲ, ನಾನು ಆ ಶುರುವನ್ನೇ ನಾಕು ಸಲ ಹಿಂದಕ್ಕೆ ಹಾಕಿ ಕೇಳ್ದೆ. ಹಾಡುಗಳನ್ನ ಕೀತ್ ಜೊತೆ ಬರೆದು ಪ್ರೊಡ್ಯೂಸ್ ಮಾಡಿರೋದೂ ಈ ಜೋರ್ಡಾನೇ. ಹೊರಗೆ ಕೆಲ್ಸ ಮಾಡೋದಾದ್ರೆ ಇವನನ್ನ ಹಿಡ್ಕೋ ಅಂತ ಹೇಳಿದ್ದು ಸ್ಟೋನ್ಸ್ ಡ್ರಮ್ಮರ್ ಚಾರ್ಲಿ ವಾಟ್ಸ್, 2021ರಲ್ಲಿ ಚಾರ್ಲಿ ತೀರ್ಕೊಂಡ್ಮೇಲೆ ಆ ಜಾಗದಲ್ಲಿ ಕೂತು ಬಾರಿಸ್ತಿರೋದೂ ಇದೇ ಜೋರ್ಡಾನ್.

ಕೀತ್ ಗಂಟಲು ಎಲ್ಲರಿಗೂ ಹಿಡಿಸಲ್ಲ, ಒರಟು, ಅಲ್ಲಲ್ಲಿ ಶ್ರುತಿ ಪಕ್ಕದಲ್ಲೇ ನಡ್ಕೊಂಡು ಹೋಗುತ್ತೆ. ಆದ್ರೆ 'ಮೇಕ್ ನೋ ಮಿಸ್ಟೇಕ್'ನಲ್ಲಿ ಗಾಯಕಿ ಸಾರಾ ಡ್ಯಾಶ್ ಜೊತೆ ಮೆಲ್ಲಗೆ ಪಿಸುಗುಡ್ತಾ ಹಾಡ್ತಾನೆ, ಹಿಂದೆ ಮೆಂಫಿಸ್ ಹಾರ್ನ್ಸ್ ಅನ್ನೋ ಟ್ರಂಪೆಟ್-ಸ್ಯಾಕ್ಸ್ ಜೋಡಿ, ಜಾಗರ್ ಹಾಡಿದ್ರೆ ಈ ಸಂಕೋಚ ಬರ್ತಿರ್ಲಿಲ್ಲ ಬಿಡಿ.

ಬೇಜಾರೂ ಇದೆ. ಬೂಟ್ಸಿ ಕಾಲಿನ್ಸ್ ಬೇಸ್, ಮೇಸಿಯೋ ಪಾರ್ಕರ್ ಸ್ಯಾಕ್ಸ್ ಇರೋ 'ಬಿಗ್ ಇನಫ್' ಹಾಡಿನ ಫಂಕ್ (ಕುಣಿಸೋ ಬೀಟ್‌ನ ಸಂಗೀತ) ಚೆನ್ನಾಗೇ ಇದೆ, ಆದ್ರೆ ಅದನ್ನ ಯಾಕೆ ಮೊದಲ್ನೇ ಹಾಡು ಮಾಡಿದ್ರೋ, ಬೇರೆ ಯಾರದೋ ಆಲ್ಬಮ್ ಹಾಕ್ಬಿಟ್ನಾ ಅನ್ಸುತ್ತೆ. 'ರಾಕವೈಲ್' ಎಳೆದಾಟ. ಕೊನೇ ಹಾಡು ಇನ್ನೂ ಬೇಯ್ಬೇಕಿತ್ತು.

2019ರಲ್ಲಿ ಸೌಂಡ್ ತಿದ್ದಿ ಮತ್ತೆ ತಂದ ರೀಮಾಸ್ಟರ್ ಎಡಿಷನ್‌ನಲ್ಲಿ ಇನ್ನೂ ಆರು ಹಾಡು ಸೇರ್ಸಿದಾರೆ. ಮೊದಲ ಸಲಕ್ಕೆ ಹಳೇ 11 ಸಾಕು, ಅದೂ ಎರಡನೇ ಹಾಡಿಂದ ಶುರು ಮಾಡಿ.