ಟಗ್ ಕಂಪನಿಯ ವಾರ್ಷಿಕ ವರದಿ: ಮುಖಪುಟ ನಂಬಿ ಹಣ ಹಾಕಬೇಡಿ

ಬಂದರಿನೊಳಗೆ ದೊಡ್ಡ ಹಡಗುಗಳನ್ನು ಎಳೆದು ದಕ್ಕೆಗೆ ಹಚ್ಚುವ ಟಗ್‌ಗಳು, ಜೊತೆಗೆ ಲಾರಿ, ಗೋದಾಮುಗಳ ಸರಕು ಸಾಗಣೆ. ಇಂಥ ಒಂದು ಕಂಪನಿಯ ಷೇರಿನಲ್ಲಿ ನನ್ನ ಉಳಿತಾಯದ ದೊಡ್ಡ ಪಾಲು ಕರಗಿಹೋಯಿತು. ಹೆಸರು ಬೇಡ. ವಾರ್ಷಿಕ ವರದಿಯ ಮುಖಪುಟದಲ್ಲಿ ಅವರು ಸಾರಿದ್ದು ಎರಡೇ ಸಂಗತಿ: ಲಾಭ ಏರಿದೆ, ಇಂಗಾಲದ ಹೊರಸೂಸುವಿಕೆ ಇಳಿದಿದೆ. ಅಂಕಿಗಳೇನೋ ಸುಳ್ಳಲ್ಲ, ಅವನ್ನು ಮಂಡಿಸಿದ ಬಗೆ ಮಾತ್ರ ಹೂಡಿಕೆದಾರರ ಕಣ್ಣಿಗೆ ಮಣ್ಣೆರಚುವಂಥದ್ದು.

ದಪ್ಪ ಅಕ್ಷರದಲ್ಲಿ ಅಚ್ಚಾಗಿದ್ದದ್ದು ಬಡ್ಡಿ, ತೆರಿಗೆ, ಸವಕಳಿ (ಆಸ್ತಿ ಸವೆದಂತೆ ವರ್ಷವರ್ಷ ಬರೆಯುವ ವೆಚ್ಚ) ಕಳೆಯುವ ಮೊದಲಿನ ಲಾಭ. ಟಗ್ ಸೇವೆ ಬಂಡವಾಳ ನುಂಗುವ ವ್ಯವಹಾರ. ಕಾಲಕಾಲಕ್ಕೆ ಹಡಗನ್ನು ಡ್ರೈ ಡಾಕ್‌ಗೆ, ಅಂದರೆ ನೀರಿಲ್ಲದ ದುರಸ್ತಿ ಕಟ್ಟೆಗೆ ಏರಿಸಿ ತಳ, ಪ್ರೊಪೆಲ್ಲರ್, ಎಂಜಿನ್ ಎಲ್ಲವನ್ನೂ ದುರಸ್ತಿ ಮಾಡಿಸಲೇಬೇಕು. ಈ ಖರ್ಚನ್ನು ಸಾಮಾನ್ಯವಾಗಿ ಆಸ್ತಿಗೆ ಸೇರಿಸಿ, ಮುಂದಿನ ವರ್ಷಗಳಲ್ಲಿ ಸವಕಳಿಯಾಗಿ ಕಳೆಯುತ್ತಾರೆ. ಮುಖಪುಟದ ಅಂಕಿಯಲ್ಲಿ ಅದರ ಸುಳಿವೇ ಇರುವುದಿಲ್ಲ. 2019ರಿಂದ ಜಾರಿಯಲ್ಲಿರುವ ಐಎಫ್‌ಆರ್‌ಎಸ್ 16 ಎಂಬ ಅಂತರರಾಷ್ಟ್ರೀಯ ಲೆಕ್ಕಪತ್ರ ನಿಯಮದಂತೆ, ದೀರ್ಘಾವಧಿಗೆ ಪಡೆದ ಹಡಗು, ಗೋದಾಮುಗಳ ಬಾಡಿಗೆಯೂ ಬಹುಪಾಲು ಸವಕಳಿ ಮತ್ತು ಬಡ್ಡಿಯಾಗಿಯೇ ಲೆಕ್ಕಕ್ಕೆ ಬರುತ್ತದೆ. ಹಾಗಾದರೆ ಲಾಭ ಏರಿದ್ದು ಎಲ್ಲಿಂದ? ಹಿಂದಿನ ಪುಟಗಳ ಟಿಪ್ಪಣಿಯಲ್ಲಿ, ‘ಇತರ ಆದಾಯ’ದ ಕೆಳಗೆ ಒಂದೇ ಒಂದು ಸಾಲು: ಹಡಗುಗಳ ಮಾರಾಟದಿಂದ ಬಂದ ಲಾಭ. ದುಡಿಯುವ ಟಗ್‌ಗಳನ್ನೇ ಮಾರಿದ್ದರು! ಕರಾವಿನ ಹಸುವನ್ನು ಮಾರಿ, ಹಾಲಿನ ವ್ಯಾಪಾರ ಚೆನ್ನಾಗಿದೆ ಎಂದಂತಾಯಿತು.

ಮರುವರ್ಷ ಲಾಭಾಂಶ ನಿಂತಿತು, ಷೇರು ಬೆಲೆ ಕುಸಿಯಿತು.

ಸುಸ್ಥಿರತೆಯ ಅಧ್ಯಾಯ ನನ್ನನ್ನು ಇನ್ನಷ್ಟು ಕೆರಳಿಸಿತು. ಹೊಗೆ ಕಡಿಮೆಯಾದದ್ದು ಲಾರಿಗಳನ್ನು ಹೊರಗುತ್ತಿಗೆಗೆ ಒಪ್ಪಿಸಿದ್ದರಿಂದ. ಕಂಪನಿಯ ಸ್ವಂತ ವಾಹನ ಉಗುಳುವ ಹೊಗೆ ಸ್ಕೋಪ್ 1, ಅಂದರೆ ಕಂಪನಿಯದೇ ನೇರ ಹೊರಸೂಸುವಿಕೆಯ ಲೆಕ್ಕದಲ್ಲಿ ಬರುತ್ತದೆ. ಅದೇ ಲಾರಿ ಅದೇ ದಾರಿಯಲ್ಲಿ ಗುತ್ತಿಗೆದಾರನ ಹೆಸರಿನಲ್ಲಿ ಓಡಿದರೆ ಸ್ಕೋಪ್ 3ಕ್ಕೆ, ಅಂದರೆ ಇತರರ ಮೂಲಕ ಆಗುವ ಪರೋಕ್ಷ ಹೊರಸೂಸುವಿಕೆಯ ಲೆಕ್ಕಕ್ಕೆ ಹೋಗುತ್ತದೆ. ವರದಿ ತೋರಿಸಿದ್ದು ಸ್ಕೋಪ್ 1 ಮತ್ತು 2 (ಕೊಂಡ ವಿದ್ಯುತ್ತಿನಿಂದಾದ ಹೊರಸೂಸುವಿಕೆ) ಮಾತ್ರ. ಟಗ್‌ಗಳ ವಿಷಯಕ್ಕೆ ಬಂದರೆ, ಸಾಗುವ ದೂರ, ಹೊರುವ ಸಾಮರ್ಥ್ಯಕ್ಕೆ ಹೋಲಿಸಿ ಹಡಗಿನ ಹೊಗೆಗೆ ದರ್ಜೆ ಕೊಡುವ ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಇಂಗಾಲ ತೀವ್ರತೆಯ ಶ್ರೇಣಿ 5,000 ಗ್ರಾಸ್ ಟನ್ನೇಜ್ (ಹಡಗಿನ ಒಟ್ಟು ಒಳಗಾತ್ರದ ಅಳತೆ) ಮತ್ತು ಅದಕ್ಕೆ ಮೇಲ್ಪಟ್ಟ ಹಡಗುಗಳಿಗಷ್ಟೇ ಅನ್ವಯ. ಬಂದರಿನ ಟಗ್‌ಗಳು ಅದಕ್ಕಿಂತ ಎಷ್ಟೋ ಚಿಕ್ಕವು. ಆದ್ದರಿಂದ ಆ ಶ್ರೇಣಿಯನ್ನು ಹುಡುಕಿದರೂ ನಿಮಗೆ ಸಿಗುವುದಿಲ್ಲ; ಕಂಪನಿ ತಾನೇ ಆರಿಸಿಕೊಂಡ ಅಳತೆಗೋಲೇ ಗತಿ.

ಅಪಘಾತಗಳ ಅಂಕಿಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ‘ಸ್ವಂತ ನೌಕರರು ಮಾತ್ರ’ ಎಂದಿತ್ತು. ಬಿಗಿದ ಹಗ್ಗ ತುಂಡಾಗಿ ಹಿಂದಕ್ಕೆ ಬಡಿದರೆ ಜೀವವೇ ಹೋಗುವ ಕೆಲಸವಿದು. ಗುತ್ತಿಗೆ ಕಾರ್ಮಿಕರನ್ನು ಲೆಕ್ಕದಿಂದಲೇ ಕೈಬಿಟ್ಟು ಸುರಕ್ಷತೆಯ ಬಗ್ಗೆ ಹೆಮ್ಮೆ ಪಡುವುದು ಅಕ್ಷಮ್ಯ.

ಇಂಥ ಷೇರು ಕೊಳ್ಳುವ ಯೋಚನೆಯಿದ್ದರೆ ಮೊದಲು ನಗದು ಹರಿವಿನ ಪಟ್ಟಿ ತೆರೆಯಿರಿ. ಹಡಗು ಮಾರಿದ ಹಣ ಅಲ್ಲಿ ಹೂಡಿಕೆ ಚಟುವಟಿಕೆಯ ಕೆಳಗೆ ಕಾಣುತ್ತದೆ, ಕಾರ್ಯಾಚರಣೆಯ ಹಣದೊಂದಿಗೆ ಬೆರೆಯುವುದಿಲ್ಲ. ಸುಸ್ಥಿರತೆಯ ಅಂಕಿಗಳಲ್ಲಿ ಯಾವುವನ್ನು ಪರಿಶೋಧಕರು ಪರಿಶೀಲಿಸಿದ್ದಾರೆ, ಕೊಟ್ಟದ್ದು ಕಡಿಮೆ ಆಳದ ಪರಿಶೀಲನೆಯ ‘ಸೀಮಿತ ಭರವಸೆ’ಯೋ ಹೇಗೆ ಎಂಬುದನ್ನು ಅವರ ಪತ್ರದಲ್ಲಿ ಓದಿ. ನಾನು ಕಂಪನಿಗೆ ಬರೆದು ಕೇಳಿದಾಗ ಬಂದ ಉತ್ತರದಲ್ಲಿ ಇದ್ದದ್ದು ಇಷ್ಟೇ: ಎಲ್ಲ ವಿವರವನ್ನೂ ಟಿಪ್ಪಣಿಗಳಲ್ಲಿ ಪ್ರಕಟಿಸಲಾಗಿದೆ.